ಸೌದಾಮಿನಿಯಕ್ಕ ಹಿಡಿದ ತೂತು

ಬದಿಯಡ್ಕ ಪೇಟೆಯಲ್ಲಿ ಮದುವೆ ಕಾಗದವೋ ತಾಳಮದ್ದಳೆಯ ಕರಪತ್ರವೋ ಕನ್ನಡದಲ್ಲಿ ಆಗಬೇಕಾದರೆ ಸೌದಾಮಿನಿಯಕ್ಕನ ಡಿಟಿಪಿ ಅಂಗಡಿಯ ಮೆಟ್ಟಿಲು ಹತ್ತಬೇಕು. ಇಪ್ಪತ್ತೆರಡು ವರ್ಷದಲ್ಲಿ ಒಂದೂ ಅಕ್ಷರ ತಪ್ಪಿಲ್ಲ ಎನ್ನುವುದು ಆಕೆಯ ವಾದ. ಒಂದು ಕಾಗದದಲ್ಲಿ ‘ವರ’ ಹೋಗಿ ‘ಮರ’ ಆದದ್ದನ್ನು ಆಕೆ ತಪ್ಪೆಂದು ಒಪ್ಪುವುದಿಲ್ಲ. ಹುಡುಗನನ್ನು ಕಂಡವರೂ ಒಪ್ಪುವುದಿಲ್ಲ.

ಆದರೆ ಆಕೆಯ ನಿಜವಾದ ಹೆಮ್ಮೆ ಒಂದು ಖಾಕಿ ಲಕೋಟೆ. ಸುತ್ತಲಿನ ಹನ್ನೊಂದು ಶಾಲೆಗಳ ಕನ್ನಡ ಮಾಧ್ಯಮದ ಅಧ್ಯಾಪಕರ ಕೂಟ ಹತ್ತನೆಯ ಕ್ಲಾಸಿಗೆ ನಡೆಸುವ ಮಾದರಿ ಪರೀಕ್ಷೆಗಳ ಪ್ರಶ್ನೆಪತ್ರಿಕೆ ಅದರೊಳಗೆ. ಕೂಟದ ಹರಿನಾರಾಯಣ ಮಾಷ್ಟ್ರು ಅದಕ್ಕೆ ಅರಗು ಒತ್ತಿ, ಮಡಚಿದ ಕೊಡೆಯೊಳಗೆ ಅಡಗಿಸಿ ತರುವರು. ಸೌದಾಮಿನಿಯಕ್ಕ ಟೈಪ್ ಮಾಡಿ ಪಾಸ್‌ವರ್ಡಿನ ಬೀಗ ಹಾಕುವಳು. ಅದೇನೆಂದು ಗಂಡನಿಗೂ ಹೇಳಿದವಳಲ್ಲ.

ಅಂಗಡಿಯಲ್ಲಿ ಕಂಪ್ಯೂಟರ್ ಒಂದೇ, ಅದರೊಳಗೆ ಹೋಗುವ ಲಾಗಿನ್ ದಾರಿ ಎರಡು: ಒಂದು ಆಕೆಗೆ, ಇನ್ನೊಂದು ಗಿರಾಕಿಗಳಿಗೆ. ಹೋದ ವರ್ಷದ ಕರಪತ್ರದ ತಾರೀಕು ಬದಲಿಸಿ ಈ ವರ್ಷಕ್ಕೂ ನಡೆಸುವುದು ಊರಿನ ಕ್ರಮವಾದ್ದರಿಂದ, ಗಿರಾಕಿಗಳು ತಾವೇ ಕೂತು ಹಳೆಯ ಫೈಲು ಹುಡುಕಲಿ ಎಂದು ಪುಕ್ಕಟೆ ಸಿಕ್ಕಿದ ಒಂದು ಸರ್ಚ್ ಸಾಫ್ಟ್‌ವೇರ್ ಹಾಕಿದ್ದಳು. ಒಂದು ಶಬ್ದ ಹೊಡೆದರೆ ಫೈಲಿನ ಹೆಸರೂ ಅದರ ಕೆಳಗೆ ಒಳಗಿನ ನಾಲ್ಕು ಸಾಲೂ ಬರುತ್ತಿದ್ದವು. ಆದರೆ ಸೌದಾಮಿನಿಯಕ್ಕ ಬೆರಳಿಗೆ ಒಗ್ಗಿದ ಹಳೇ ಫಾಂಟ್ ಬಿಟ್ಟವಳಲ್ಲ. ಅದರ ಕನ್ನಡ ಆ ಪಟ್ಟಿಯಲ್ಲಿ ಕಾಣುವಾಗ ಕೊಂಬು ಬಾಲ ಮೂಡಿದ ಇಂಗ್ಲಿಷ್ ಅಕ್ಷರಗಳ ಗೊಜ್ಜು.

“ಅದನ್ನು ಓದುವವ ಹುಟ್ಟಿ ಬರಬೇಕಷ್ಟೆ” ಎನ್ನುತ್ತಿದ್ದಳು.

ಹುಟ್ಟಿ, ದೊಡ್ಡವನಾಗಿ, ಒಂದು ಶುಕ್ರವಾರ ಬೆಳಿಗ್ಗೆ ಬಂದೇಬಿಟ್ಟ. ಅಗಲ್ಪಾಡಿಯ ಕೇಶವಪ್ರಸಾದ, ತಾಳಮದ್ದಳೆಯಲ್ಲಿ ಪಾತ್ರವಾಗಿ ಮಾತಾಡಿ ಅರ್ಥ ಹೇಳುವ ಅರ್ಥಧಾರಿ. ಅದೇ ಫಾಂಟಿನಲ್ಲಿ ಪಳಗಿದ ಕೈ. ಹೋದ ವರ್ಷದ ಕರಪತ್ರಕ್ಕಾಗಿ ‘ಸಮಯ’ ಎಂದು ಹೊಡೆದು, ಬಂದ ಸಾಲುಗಳನ್ನು ಖಾಲಿ ಪುಟಕ್ಕೆ ಅಂಟಿಸಿ, ಫಾಂಟ್ ಆರಿಸಿದ. ಗೊಜ್ಜು ಹೋಗಿ ಅಚ್ಚ ಕನ್ನಡ ಬಂತು.

“ಸೌದಾಮಿನಿಯಕ್ಕಾ, ನಮ್ಮ ಪ್ರಸಂಗದಲ್ಲಿ ಈ ಲಂಬಕೋನ ತ್ರಿಭುಜದ ಅರ್ಥ ಯಾರು ಹೇಳುವುದು?”

ಆಕೆ ಬಗ್ಗಿ ನೋಡಿದಳು. ಸೋಮವಾರದ ಗಣಿತ ಪತ್ರಿಕೆ. ಮೇಲೆ ಪರೀಕ್ಷೆಯ ‘ಸಮಯ’, ಕೆಳಗೆ ಮೊದಲ ಮೂರು ಪ್ರಶ್ನೆ.

“ನಮ್ಮ ಕ್ಷಮಾನ ಪರೀಕ್ಷೆ ಅಲ್ವಾ ಇದು!” ಎಂದ ಕೇಶವಪ್ರಸಾದ, ಮಗಳ ಹೆಸರು ಹೇಳಿ. “ನಾನು ಯಾರಿಗೂ ಹೇಳುವವನಲ್ಲ ಅಕ್ಕ.”

“ಎರಡು ಗಂಟೆ ಅರ್ಥ ಹೇಳುವ ಬಾಯಿ ಉಂಟಲ್ಲ, ಅದಕ್ಕೂ ಗೊತ್ತುಂಟಾ ಈ ವಿಷಯ?”

ಅವನನ್ನು ಕಳಿಸಿ, ಪಾಸ್‌ವರ್ಡ್ ಇಲ್ಲದೆ ಫೈಲು ತೆರೆಯಲು ನೋಡಿದಳು. ಬೀಗ ಭದ್ರ. ಫೈಲನ್ನೇ ಅಳಿಸಿ ಮತ್ತೆ ಹುಡುಕಿದಳು. ಸಾಲುಗಳು ಹಾಗೇ ಇದ್ದವು. ಆಗ ಗುಟ್ಟು ತಿಳಿಯಿತು. ಟೈಪ್ ಮಾಡುವಾಗಲೇ ಸಾಫ್ಟ್‌ವೇರ್ ಎಲ್ಲ ಓದಿ ತನ್ನದೊಂದು ನಕಲು ಬರೆದಿಟ್ಟುಕೊಂಡಿತ್ತು. ಬೀಗ ಬಿದ್ದದ್ದು ಫೈಲಿಗೆ, ನಕಲಿಗಲ್ಲ. ಅದನ್ನು ಗಿರಾಕಿಗಳ ದಾರಿಯಿಂದ ಬಂದವರಿಗೂ ಧಾರಾಳವಾಗಿ ಬಡಿಸುತ್ತಿತ್ತು.

ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಹೇಳಿದರೆ ಲಕೋಟೆ ಹೋಗುತ್ತದೆ. ಅರ್ಧ ಲೋಟ ಚಾ ಆರುವವರೆಗೆ ಯೋಚಿಸಿ ಫೋನ್ ಎತ್ತಿದಳು.

“ಮಾಷ್ಟ್ರೇ, ಗಣಿತ ಪತ್ರಿಕೆ ಬೇರೆ ಮಾಡಿ. ನನ್ನ ಕಂಪ್ಯೂಟರಿನಿಂದ ಹೊರಗೆ ಬಿದ್ದಿದೆ.”

“ಎಂತ! ಯಾರು ನೋಡಿದ್ದು?”

“ಒಬ್ಬರು ನೋಡಿದ್ದು ಗೊತ್ತುಂಟು. ಉಳಿದವರದ್ದು ಗೊತ್ತಿಲ್ಲ. ಅದಕ್ಕೇ ಹೇಳಿದ್ದು.”

ಮಾಷ್ಟ್ರು ಹೊಸ ಪತ್ರಿಕೆ ಕೈಯಲ್ಲೇ ಬರೆದು ಜೆರಾಕ್ಸ್ ಮಾಡಿಸಿದರು. ಮುಂದಿನ ಪತ್ರಿಕೆಗಳ ಲಕೋಟೆ ಬಸ್ ಹತ್ತಿ ಕಾಸರಗೋಡಿನ ಬೇರೆ ಡಿಟಿಪಿಗೆ ಹೋಯಿತು. “ಕೂಟದವರು ಹೇಳಿದರು” ಎಂದರು ಮಾಷ್ಟ್ರು, ಕೊಡೆಯ ತುದಿ ನೋಡುತ್ತಾ.

ಸೌದಾಮಿನಿಯಕ್ಕ ಅಳಲಿಲ್ಲ. ಅಳೆದಳು, ಆ ತೂತನ್ನು. ಅತ್ತೆಯ ಮಿಡಿ ಉಪ್ಪಿನಕಾಯಿಯ ಕ್ರಮವನ್ನು, ಸಾಫ್ಟ್‌ವೇರಿನವರಿಗೂ ಓದಲಾಗಲೆಂದು, ಇಂಗ್ಲಿಷಿನಲ್ಲಿ ಬರೆದು, ಬೀಗ ಹಾಕಿ, ಅಳಿಸಿ, ಗಿರಾಕಿಯಾಗಿ ಒಳಹೊಕ್ಕು ‘ಮಸ್ಟರ್ಡ್’ ಹುಡುಕಿದಳು. ಬಂತು! ಅಷ್ಟನ್ನೂ ಸಾಫ್ಟ್‌ವೇರ್ ಮಾಡಿದವರಿಗೆ ಬರೆದಳು. ‘ನಿಮ್ಮ ಪಾಸ್‌ವರ್ಡ್ ಗಟ್ಟಿ ಮಾಡಿಕೊಳ್ಳಿ’ ಎಂದು ಉತ್ತರ ಬಂತು. ಆಕೆಗೆ ಸಿಟ್ಟೂ ಗಟ್ಟಿಯಾಯಿತು. ಫೋನಿನಲ್ಲಿ ಆರಂಭದಿಂದ ವಿಡಿಯೊ ತೆಗೆದು, ‘ಬಾಗಿಲಿನ ಬೀಗ ಗಟ್ಟಿಯೇ ಉಂಟು, ನೀವು ಗೋಡೆಗೆ ಕಿಟಕಿ ಕೊರೆದಿದ್ದೀರಿ’ ಎಂದು ಜೊತೆಗೆ ಬರೆದಳು.

ಹನ್ನೆರಡನೆಯ ದಿನ ಅಲ್ಲಿನ ಇನ್ನೊಬ್ಬರ ಕಾಗದ: ‘ನೀವು ಹೇಳಿದ್ದು ನಿಜ. ನಮ್ಮಲ್ಲೂ ಹಾಗೇ ಆಯಿತು. ಉಪ್ಪಿನಕಾಯಿ ಮಾತ್ರ ನಿಮ್ಮ ಅತ್ತೆಯ ಹಾಗೆ ಆಗಲಿಲ್ಲ.’

ತಿಂಗಳೆರಡರಲ್ಲಿ ತೂತು ಮುಚ್ಚಿದ ಹೊಸ ಆವೃತ್ತಿ ಬಂತು. ಅದರ ಟಿಪ್ಪಣಿಯ ಕೊನೆಯಲ್ಲಿ, ತಪ್ಪು ತೋರಿಸಿದವರಿಗೆ ವಂದನೆ ಎಂದು, ದೊಡ್ಡ ದೊಡ್ಡ ಊರುಗಳ ನಾಲ್ವರ ಹೆಸರಿನ ಕೆಳಗೆ: ‘ಸೌದಾಮಿನಿ, ಬದಿಯಡ್ಕ’. ಆಕೆ ಮೊದಲು ನೋಡಿದ್ದು ಅಕ್ಷರ ತಪ್ಪುಂಟಾ ಎಂದು. ಇರಲಿಲ್ಲ. ಆಮೇಲೆ ಪ್ರಿಂಟ್ ತೆಗೆದು, ಅತ್ತೆಗೆ ಒಂದು ಪ್ರತಿ ಕೊಟ್ಟು, ಇನ್ನೊಂದನ್ನು ಗೋಡೆಗೆ ಅಂಟಿಸಿದಳು. ಕೇಶವಪ್ರಸಾದ ಅದಕ್ಕೆ ಊರಿಡೀ ಅರ್ಥ ಹೇಳಿದ.

ಜನವರಿಯಲ್ಲಿ ಹರಿನಾರಾಯಣ ಮಾಷ್ಟ್ರು ಮೆಟ್ಟಿಲು ಹತ್ತಿದರು. ಬಿಸಿಲಿನಲ್ಲೂ ಕೊಡೆ ಮಡಚಿಯೇ ಇತ್ತು. ಗೋಡೆಯ ಹಾಳೆಯನ್ನು ಕನ್ನಡಕ ಹಾಕಿ ಒಮ್ಮೆ, ತೆಗೆದು ಒಮ್ಮೆ ಓದಿದರು.

“ಕೂಟದವರು ಎಂತ ಹೇಳಿದರು ಮಾಷ್ಟ್ರೇ?”

“ಸ್ವಂತ ತಪ್ಪನ್ನು ಫೋನ್ ಮಾಡಿ ಹೇಳುವ ಡಿಟಿಪಿ ಜಿಲ್ಲೆಯಲ್ಲಿ ಬೇರೆ ಉಂಟಾ ಅಂತ ಕೇಳಿದರು.”

“ನೀವೆಂತ ಹೇಳಿದಿರಿ?”

“ಹುಡುಕಿದೆ, ಸಿಗಲಿಲ್ಲ ಅಂದೆ.”

ಕೊಡೆ ಬಿಚ್ಚಿದರು. ಲಕೋಟೆ ಮೇಜಿನ ಮೇಲೆ ಬಿತ್ತು, ಅರಗು ಸಮೇತ.