ಅಂಗೈ ಮೇಲಿನ ಅರಳೆ

ಆಗೆಲ್ಲ ಹತ್ತಿ ಬಿಡಿಸುವ ದಿನಗಳಲ್ಲಿ ನವಲಗುಂದದ ನಮ್ಮ ಶಾಲೆಯ ಹುಡುಗಿಯರ ಲಂಗಗಳಿಗೆ ಅರಳೆ ಅಂಟಿಕೊಂಡಿರುತ್ತಿತ್ತು. ಅಂಥ ಒಂದು ಹಂಗಾಮಿನಲ್ಲಿ ಸಲ್ಮಾ ನಮ್ಮ ತರಗತಿಗೆ ಬಂದಳು. ಅಪ್ಪ ನಮ್ಮೂರಿನವರು, ಸೌದಿಯಲ್ಲಿ ಲಾರಿ ಓಡಿಸುತ್ತಿದ್ದರು. ತಾಯಿ ಯೆಮನ್ ದೇಶದವರು. ಮನೆಮಾತು ಅರಬ್ಬಿ.

ಆ ಭಾಷೆಯಲ್ಲಿ ‘ಪ’ ಇಲ್ಲ. ಪೆನ್ಸಿಲ್ ಅವಳಿಗೆ ‘ಬೆನ್ಸಿಲ್’. ಪುಷ್ಪಾ ಎಂಬ ನನ್ನ ಹೆಸರನ್ನು ತಾಯಿ, ಮಗಳು ಇಬ್ಬರೂ ‘ಬುಷ್ಬಾ’ ಎನ್ನುತ್ತಿದ್ದರು. ಆದರೆ ‘ಥ್ಯಾಂಕ್ ಯೂ’ ಅನ್ನುವಾಗ ಸಲ್ಮಾ ನಾಲಿಗೆಯ ತುದಿಯನ್ನು ಹಲ್ಲುಗಳ ನಡುವೆ ತಂದು ಮೆಲ್ಲಗೆ ಗಾಳಿ ಬಿಡುತ್ತಿದ್ದಳು. ನಮ್ಮದು ರೊಟ್ಟಿ ತಟ್ಟಿದ ಹಾಗೆ ‘ತ್ಯಾಂಕ್ಯೂ’. ಇಂಗ್ಲಿಷ್ ಕಲಿಸುವ ಅಕ್ಕೋರು ಅವಳಿಂದ ಮತ್ತೆ ಮತ್ತೆ ಹೇಳಿಸಿ ಕೇಳುತ್ತಿದ್ದರು. ನನಗೆ ಮಧ್ಯಾಹ್ನದ ಊಟ ಸೇರದಾಯಿತು.

ಗ್ಯಾದರಿಂಗ್‌ನಲ್ಲಿ, ಅಂದರೆ ಶಾಲೆಯ ವಾರ್ಷಿಕೋತ್ಸವದಲ್ಲಿ, ಇಂಗ್ಲಿಷ್ ಸ್ವಾಗತ ಭಾಷಣ ಪ್ರತಿ ವರ್ಷ ನನ್ನದೇ. ಆ ವರ್ಷ ಅಕ್ಕೋರು, ‘ಸಲ್ಮಾನೂ ಓದಲಿ, ನೋಡೂಣು’ ಎಂದರು.

‘ಆಕಿಗೆ ಪ ಬರೂದಿಲ್ರಿ ಅಕ್ಕೋರ. ಡಿಯರ್ ಬೇರೆಂಟ್ಸ್ ಅಂದ್ರ ಮಂದಿ ನಗ್ತಾರ್ರಿ’ ಎಂದೆ ನಾನು.

ಅಕ್ಕೋರು ನನ್ನ ಲಂಗದಿಂದಲೇ ಚೂರು ಅರಳೆ ಕಿತ್ತು, ಸಲ್ಮಾಳ ಅಂಗೈ ಮೇಲಿಟ್ಟು, ಬಾಯಿಯ ಮುಂದೆ ಹಿಡಿಸಿದರು. ‘ಇಂಗ್ಲಿಷ್ ಪ ಅಂದ್ರ ಇದು ಹಾರಬೇಕು.’ ಹಾರಲಿಲ್ಲ. ನಾನು ನಕ್ಕೆ.

‘ಈಗ ನೀ ಹೇಳವಾ.’ ಅಕ್ಕೋರು ಅರಳೆಯನ್ನು ನನ್ನ ಅಂಗೈಗೆ ದಾಟಿಸಿದರು.

‘ಪೇರೆಂಟ್ಸ್.’

ಅರಳೆ ಅಲುಗಲಿಲ್ಲ. ನಮ್ಮ ಕನ್ನಡದ ಪ ಅಷ್ಟು ಉಸಿರು ಚೆಲ್ಲುವುದಿಲ್ಲ ಎಂದು ಆಗ ನನಗೆ ಗೊತ್ತಿರಲಿಲ್ಲ.

‘ಇಬ್ರೂ ಕಲೀರಿ. ಯಾರದು ಹಾರತದ, ಅವರದ ಭಾಷಣ.’

ಬಿಡುವಿದ್ದಾಗಲೆಲ್ಲ ಸಲ್ಮಾ ಹುಣಸೆ ಗಿಡದ ಕೆಳಗೆ ಅರಳೆಯ ಮುಂದೆ ‘ಬ, ಬ’ ಎನ್ನುತ್ತ ಕೂರುತ್ತಿದ್ದಳು. ಒಮ್ಮೆ ಏಲಕ್ಕಿ ಘಮದ ಖರ್ಜೂರದ ಉಂಡೆ ಚಾಚಿ ಕರೆದಳು: ‘ಬಾ ಬುಷ್ಬಾ, ಕೂಡಿ ಮಾಡೂಣು.’

‘ನನಗ ಬರ್ತದ ಬೇ. ನೀ ಕಲಿ.’ ಉಂಡೆ ಬೇಕೆನಿಸಿತ್ತು, ತೆಗೆದುಕೊಳ್ಳಲಿಲ್ಲ.

ಪರೀಕ್ಷೆಯ ದಿನ ಅವಳ ಅರಳೆ ಹಾರಿ ಅಕ್ಕೋರ ಹೆರಳಿಗೆ ಸಿಕ್ಕಿತು. ನನ್ನದು ಅಂಗೈಯ ಬೆವರಿಗೆ ಅಂಟಿ ಕೂತಿತು.

ಗ್ಯಾದರಿಂಗ್‌ನಲ್ಲಿ ಅವಳು ‘ಡಿಯರ್ ಪೇರೆಂಟ್ಸ್’ ಎಂದಾಗ ಮೈಕು ಪಟ್ಟೆಂದಿತು. ಮುಂದಿನ ಸಾಲಿನಲ್ಲಿದ್ದ ಅವಳ ತಾಯಿ ಕಣ್ಣೊರೆಸಿಕೊಂಡರು. ನಾನು ಬದಿಯಲ್ಲಿ ಪರದೆಯ ಹಗ್ಗ ಹಿಡಿದು ನಿಂತಿದ್ದೆ.

ಸಲ್ಮಾ ಈಗ ಹುಬ್ಬಳ್ಳಿಯಲ್ಲಿ ಮಕ್ಕಳಿಗೆ ಇಂಗ್ಲಿಷ್ ಕಲಿಸುತ್ತಾಳೆ. ನಾನು ಪತ್ರಿಕೆಯಲ್ಲಿ ಕೆಲಸ ಮಾಡುತ್ತೇನೆ. ಅವಳ ಇಂಗ್ಲಿಷ್ ಕಿವಿಗೆ ಬಿದ್ದರೆ ಹೊಟ್ಟೆಯಲ್ಲಿ ಅದೇ ಕಿಚ್ಚು. ಅವಳ ತಾಯಿ ತೀರಿಕೊಂಡು ಕೆಲವು ವರ್ಷಗಳಾದವು. ಕಡೆಯವರೆಗೂ ಅವರಿಗೆ ಪ ಬರಲಿಲ್ಲ. ಫೋನಿನಲ್ಲಿ ಸಲ್ಮಾ, ‘ಪುಷ್ಪಾ, ಆರಾಮ ಅದಿಯೇನ’ ಎನ್ನುತ್ತಾಳೆ. ಒಂದು ಅಕ್ಷರವೂ ತಪ್ಪಿರುವುದಿಲ್ಲ. ನನ್ನನ್ನು ಬುಷ್ಬಾ ಎಂದು ಕರೆಯುವವರು ಈಗ ಯಾರೂ ಇಲ್ಲ.