ಹಿಂದಕ್ಕೆ ನಡೆದರೆ ನೆಂಟರು ಸಿಗುತ್ತಾರೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಪಾಳಿ ಮುಗಿಸುವ ಮುನ್ನ ಶಾಲೆಯ ಸುತ್ತ ಕೊನೆಯ ಸುತ್ತು ಹಾಕುತ್ತಿದ್ದ ಹೊಸ ಕಾವಲುಗಾರ ಅಂಗಳದ ಮೂಲೆಯಲ್ಲಿ ಗಕ್ಕನೆ ನಿಲ್ಲುತ್ತಾನೆ. ಅಂಗಳದ ನಡುವೆ ಯಾರೋ ಒಬ್ಬ ಹೆಂಗಸು ಸೊಂಟ ಬಗ್ಗಿಸಿಕೊಂಡು ಹಿಂದಹಿಂದಕ್ಕೆ ನಡೆಯುತ್ತಿದ್ದಾಳೆ. ಅವಳು ಸರಿದಲ್ಲೆಲ್ಲ ನೆಲದ ಮೇಲೆ ಬಿಳಿಯ ಗೆರೆ ಮೂಡುತ್ತಿದೆ.

"ಯಾ... ಯಾರಮ್ಮ ಅದು?"

"ನಾನೇ ಕಣಪ್ಪ, ಒಂಬತ್ತನೇ ಕ್ಲಾಸಿನ ವಿಜ್ಞಾನದ ಮಿಸ್ಸು. ಅಲ್ಲಿ ಕಾಲಿಡಬೇಡ, ಜಿರಳೆ ಇದೆ."

ಅವನು ಹೌಹಾರಿ ಎಗರುತ್ತಾನೆ. ಕೆಳಗೆ ಜಿರಳೆ ಇಲ್ಲ, ಸುಣ್ಣದ ಪುಡಿಯ ವೃತ್ತವೊಂದರ ಒಳಗೆ 'ಜಿರಳೆ' ಎಂದು ಬರೆದಿದೆ.

"ಎಲ್ಲರ ಹಾಗೆ ಮುಂದಕ್ಕೆ ನಡೆದು ಎಳೀಬಾರ್ದಾ ತಾಯಿ? ನನ್ನ ಜೀವ ಬಾಯಿಗೆ ಬಂದಿತ್ತು."

"ಮುಂದಕ್ಕೆ ನಡೆದ್ರೆ ಎಳೆದ ಗೆರೇನ ನಾನೇ ತುಳಿದು ಅಳಿಸ್ತೀನಲ್ಲಪ್ಪ."

ಅವನು ಎದೆ ನೀವಿಕೊಳ್ಳುತ್ತ ಹೋಗುತ್ತಾನೆ, ಮಿಸ್ಸು ಮತ್ತೆ ಬಗ್ಗುತ್ತಾರೆ. ಕೈಯಲ್ಲಿರುವುದು ತಳಕ್ಕೆ ಮೊಳೆಯಿಂದ ತೂತು ಹೊಡೆದ ಹಳೆಯ ಡಬ್ಬ. ಆಟದ ಮೇಷ್ಟ್ರು ಓಟದ ಗೆರೆ ಹಾಕಲು ತರಿಸಿದ ಸುಣ್ಣದ ಪುಡಿಯಲ್ಲಿ ಇವರಿಗೂ ಒಂದು ಪಾಲು. ನೀರಿನ ತೊಟ್ಟಿಯ ಬಳಿ ಹುಟ್ಟುವ ಒಂದು ದಪ್ಪ ಗೆರೆ ಅಂಗಳದ ನಡುವಿಗೆ ಬರುವಷ್ಟರಲ್ಲಿ ಕವಲೊಡೆಯುತ್ತದೆ. ಕವಲಿಗೆ ಕವಲು ಹುಟ್ಟಿ, ಸೈಕಲ್ ಸ್ಟ್ಯಾಂಡಿನ ಉದ್ದಕ್ಕೂ ನಲವತ್ತರಷ್ಟು ತುದಿಗಳಾಗಿ ಹರಡಿಕೊಳ್ಳುತ್ತದೆ. ತುದಿಗೊಂದು ವೃತ್ತ, ವೃತ್ತಕ್ಕೊಂದು ಹೆಸರು. ಬಾವಲಿ, ಕೋಳಿ, ಮೊಸಳೆ, ಆಕ್ಟೋಪಸ್, ನಕ್ಷತ್ರಮೀನು, ಚಿಂಪಾಂಜಿ, ಮನುಷ್ಯ.

ಇಂದು ಗೆರೆ ಅಲ್ಲಲ್ಲಿ ಸೊಟ್ಟಗಾಗಿದೆ. ಮೊದಲ ಗಂಟೆಗೆ ಒಬ್ಬ ಅಜ್ಜಿ ಬರಲಿದ್ದಾರೆ. ಅವರು ಪಾಠವನ್ನು ಕಣ್ಣಾರೆ ನೋಡಿ, ಅಲ್ಲಿಂದ ನೇರವಾಗಿ ಶಿಕ್ಷಣ ಕಚೇರಿಗೆ ದೂರು ಕೊಡಲು ಹೋಗುವವರು. ದೂರು ಹೋದರೆ ಈ ಪಾಠ ಇವತ್ತಿಗೆ ಮುಗಿದಂತೆ.

ಮಕ್ಕಳು ಇವರನ್ನು 'ರಿವರ್ಸ್ ಮಿಸ್' ಎನ್ನುತ್ತಾರೆ. ಎದುರಿಗಲ್ಲ, ಆದರೆ ಕೇಳಿಸುವಷ್ಟು ಹತ್ತಿರದಲ್ಲಿ. ವರ್ಷದ ಮೊದಲ ದಿನ ತರಗತಿಯಲ್ಲಿ ಒಂದು ಡಬ್ಬಿ ಸುತ್ತುತ್ತದೆ. ಪ್ರತಿಯೊಬ್ಬರೂ ಒಂದು ಚೀಟಿ ಎತ್ತುತ್ತಾರೆ, ಬಂದ ಪ್ರಾಣಿಯೇ ಆ ವರ್ಷವಿಡೀ ಅವರು. ಹಾಜರಿಯೂ ಅದೇ ಹೆಸರಿನಲ್ಲಿ.

"ಎರೆಹುಳ?"

"ಬಂದಿದೀನಿ ಮಿಸ್."

"ಬಾವಲಿ?"

"ಬಾವಲಿಗೆ ಜ್ವರ ಮಿಸ್. ಅಮ್ಮ ಹೊದಿಸಿ ಮಲಗಿಸಿದಾರಂತೆ."

"ತಲೆಕೆಳಗಾಗಾ?" ಎಂದು ಹಿಂದಿನ ಬೆಂಚಿನಿಂದ ಯಾರೋ ಕೇಳಿದರೆ, ನಗು ನಿಲ್ಲುವವರೆಗೆ ಮಿಸ್ಸು ಕಾಯುತ್ತಾರೆ.

ಪ್ರಾಣಿಗಳ ವೈವಿಧ್ಯ ಮತ್ತು ವಿಕಾಸದ ಪಾಠ ಬಂದಾಗ ಎಲ್ಲರೂ ಅಂಗಳಕ್ಕೆ ಇಳಿಯುತ್ತಾರೆ. ತಮ್ಮ ವೃತ್ತದಲ್ಲಿ ನಿಂತು, ತೊಟ್ಟಿಗೆ ಬೆನ್ನು ಹಾಕಿ, ತಮ್ಮ ಗೆರೆಯ ಮೇಲೆ ಹಿಂದಕ್ಕೆ ನಡೆಯಬೇಕು. ಒಂದೊಂದು ಹೆಜ್ಜೆ ಎಂದರೆ ಲಕ್ಷಾಂತರ ವರ್ಷ ಹಿಂದಕ್ಕೆ. ತಿರುಗಿ ನೋಡುವಂತಿಲ್ಲ. ಕವಲು ಕೂಡುವಲ್ಲಿ ಬೆನ್ನಿಗೆ ಯಾರ ಬೆನ್ನು ತಾಗುತ್ತದೋ ಅವರೇ ಅತ್ಯಂತ ಹತ್ತಿರದ ನೆಂಟರು. ಆಮೇಲೆ ಕೈ ಕೈ ಹಿಡಿದು ಇಬ್ಬರೂ ಇನ್ನೂ ಹಿಂದಕ್ಕೆ. ಕಾಗೆಯನ್ನು ನಿರೀಕ್ಷಿಸುತ್ತ ಹೋದ ಬಾವಲಿಗೆ ನಾಯಿ, ಕುದುರೆ, ಹಸುಗಳ ಗುಂಪು ತಾಗುತ್ತದೆ. ಹಲ್ಲಿಯೇ ತನ್ನ ಖಾಸಾ ಸಂಬಂಧಿ ಎಂದುಕೊಂಡಿದ್ದ ಮೊಸಳೆಯ ಬೆನ್ನಿಗೆ ಕೋಳಿ ಗುದ್ದುತ್ತದೆ. ಅಂಗಳದ ತುಂಬ ಕಿರುಚಾಟ.

"ಮೊದಲು ಬೆಚ್ಚಬೇಕು, ಆಮೇಲೆ ಓದ್ಬೇಕು. ಬೆಚ್ಚಿಬಿದ್ದು ಕಲಿತದ್ದು ಮರೆತುಹೋಗಲ್ಲ" ಎನ್ನುತ್ತಾರೆ ಮಿಸ್ಸು.

ಹಾಗೆ ಮೊದಲು ಬೆಚ್ಚಿದವರೂ ಅವರೇ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಗೋಡೆಗೆ ಚಾರ್ಟ್ ನೇತುಹಾಕಿ, ಗಂಟಲು ಹರಿಯುವಂತೆ ಪಾಠ ಮಾಡಿದ್ದರು. ಪರೀಕ್ಷೆಯ ಉತ್ತರ ಪತ್ರಿಕೆಗಳ ಕಟ್ಟು ಬಿಚ್ಚಿದರೆ ಇಡೀ ತರಗತಿ ಒಂದೇ ಬಾಯಲ್ಲಿ ಬರೆದಿತ್ತು: ಬಾವಲಿ ಒಂದು ಹಕ್ಕಿ, ತಿಮಿಂಗಿಲ ಒಂದು ದೊಡ್ಡ ಮೀನು. ಗರಬಡಿದವರಂತೆ ಊಟದ ಮೇಜಿನ ಮುಂದೆ ಕೂತಿದ್ದಾಗ, ಪಕ್ಕದಲ್ಲಿ ಸೊಪ್ಪು ಬಿಡಿಸುತ್ತಿದ್ದ ಅತ್ತೆ ಮೊಮ್ಮಗಳಿಗೆ ಯಾರದೋ ನೆಂಟಸ್ತನ ವಿವರಿಸುತ್ತಿದ್ದರು.

"ಮುಖ ನೋಡಿ ಸಂಬಂಧ ಹೇಳೋಕಾಗುತ್ತೇನೇ? ಹಿಂದಕ್ಕೆ ಹೋಗ್ಬೇಕು. ನಿನ್ನ ತಾತನ ಅಪ್ಪ, ಆಕೆಯ ಅಜ್ಜಿಯ ಅಪ್ಪ, ಇಬ್ರೂ ಒಬ್ರೇ. ಸಿಕ್ಕಿಬಿಟ್ರಲ್ಲ!"

ಸೊಸೆಯ ಕೈಯಿಂದ ಕೆಂಪು ಪೆನ್ನು ಜಾರಿತು. "ಅತ್ತೆ, ಇನ್ನೊಂದ್ಸಲ ಹೇಳಿ."

"ಯಾಕೆ, ನಿಂಗೂ ಆಕೆ ಏನಾಗ್ಬೇಕು ಅಂತ ಗೊತ್ತಿಲ್ವಾ?" ಎಂದು ಅತ್ತೆಗೆ ಗಾಬರಿ.

ಅಂದಿನಿಂದ ಇಂದಿನವರೆಗೆ ಸುಣ್ಣದ ಕೆಲಸ ತಪ್ಪಿಲ್ಲ. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆಯ ಮನೆಯಿಂದ ಮಿಸ್ಸು ನಸುಕಿನಲ್ಲೇ ಹೊರಡುತ್ತಾರೆ, ಗಂಡ ಎದ್ದು ಅನ್ನಕ್ಕಿಡುತ್ತಾರೆ. ಒಂಬತ್ತನೇ ತರಗತಿಗೆ ಮೂರು ವಿಭಾಗ, ಮೂರಕ್ಕೂ ಬೇರೆ ಬೇರೆ ದಿನ. ಒಂದು ಮಳೆ ಬಿದ್ದರೆ ಸುಣ್ಣದ ವಂಶವೃಕ್ಷ ಕೊಚ್ಚಿಹೋಗುತ್ತದೆ, ಮತ್ತೆ ಮೊದಲಿಂದ. ಸುಣ್ಣಕ್ಕೆ ಬೆರಳ ತುದಿಗಳು ಬಿರುಕು ಬಿಟ್ಟಿವೆ. "ಇದು ಟೀಚರ್ ಕೈಯಲ್ಲ, ಗಾರೆ ಕೆಲಸದವನ ಕೈ" ಎಂದು ಬೈಯುತ್ತಲೇ ಅತ್ತೆ ಎಣ್ಣೆಯ ಬಟ್ಟಲು ಮುಂದಿಡುತ್ತಾರೆ. ಇಷ್ಟು ವರ್ಷವಾದರೂ ಕೆಲಸ ಕಾಯಂ ಆಗಿಲ್ಲ. ಪ್ರತಿ ಬೇಸಿಗೆಯ ಕೊನೆಗೆ ಮತ್ತೆ ಕರೆಯುತ್ತಾರೋ ಇಲ್ಲವೋ ಎಂದು ಕಾಯಬೇಕು.

ಅಂಥದ್ದರಲ್ಲಿ ಹೋದ ತಿಂಗಳು ಆ ಅನಾಹುತ ಆಯಿತು.

ಮೊದಲ ವಿಭಾಗದ ಸರದಿ. ತಿಮಿಂಗಿಲದ ಚೀಟಿ ಎತ್ತಿದ್ದ ಹುಡುಗಿ ಚುರುಕು, ಕಾಲು ನಿಲ್ಲದವಳು. ಎಲ್ಲರಿಗಿಂತ ಮೊದಲು ನೆಂಟರನ್ನು ಹಿಡಿಯಬೇಕೆಂದು ಹಿಂದಕ್ಕೆ ಓಡಿಯೇಬಿಟ್ಟಳು. ಕವಲಿನಲ್ಲಿ ಅವಳ ಬೆನ್ನಿಗೆ ತಾಗಬೇಕಿದ್ದದ್ದು ನೀರಾನೆ, ಹಿಪ್ಪೊ ಅನ್ನುತ್ತೇವಲ್ಲ, ಅದು. ಆ ನೀರಾನೆ ಇನ್ನೂ ತನ್ನ ವೃತ್ತದಲ್ಲೇ ಕೂತು ಶೂ ಲೇಸು ಕಟ್ಟಿಕೊಳ್ಳುತ್ತಿತ್ತು. ತಡೆಯುವ ಬೆನ್ನಿಲ್ಲದೆ ತಿಮಿಂಗಿಲ ಗೆರೆ ತಪ್ಪಿತು. ಹಿಮ್ಮಡಿ ಮುಚ್ಚಳವಿಲ್ಲದ ಚರಂಡಿಯ ಕಲ್ಲಂಚಿಗೆ ಬಡಿದು, ಹುಡುಗಿ ಧೊಪ್ಪನೆ ಕುಂಡಿಯೂರಿ ಬಿದ್ದಳು.

ಮಕ್ಕಳು ಹೋ ಎಂದು ನಕ್ಕರು. ಅವಳ ಮುಖ ಸುಣ್ಣಕ್ಕಿಂತ ಬಿಳುಪಾದದ್ದು ಕಂಡಾಗ ನಗು ನಿಂತಿತು. ಮಿಸ್ಸು ಅವಳನ್ನು ಎತ್ತಿಕೊಂಡೇ ರಸ್ತೆಗೆ ಓಡಿದರು.

ಆಸ್ಪತ್ರೆಯಲ್ಲಿ ಡಾಕ್ಟರು ಎಕ್ಸ್‌ರೇ ಎತ್ತಿಹಿಡಿದು, "ಬಾಲದ ಮೂಳೆ ಬಿರುಕು ಬಿಟ್ಟಿದೆ" ಎಂದರು. ಸುದ್ದಿ ಕೇಳಿ ಓಡಿಬಂದಿದ್ದ ಅವಳ ಅಜ್ಜಿಗೆ ಒಂದು ಆಘಾತದ ಮೇಲೆ ಇನ್ನೊಂದು.

"ಹೆಣ್ಣುಮಗೂಗೆ ಬಾಲ ಅಂತೀರಲ್ರೀ ಡಾಕ್ಟ್ರೇ!"

"ಎಲ್ಲರಿಗೂ ಇದೆ ಅಜ್ಜಿ. ನಿಮಗೂ ಇದೆ. ಉದುರಿಹೋದ ಬಾಲದ ಬುಡ."

ಅಜ್ಜಿ ಡಾಕ್ಟರನ್ನು ಬಿಟ್ಟು ಮಿಸ್ಸಿನ ಕಡೆ ತಿರುಗಿದರು. ಆ ನೋಟ ಇಂದಿಗೂ ಕಣ್ಣ ಮುಂದಿದೆ ಎನ್ನುತ್ತಾರೆ ಮಿಸ್ಸು. ಅಜ್ಜಿಗೆ ಹೊಲಿಗೆ ಕೆಲಸ. ತಾಯಿಯಿಲ್ಲದ ಮಗುವನ್ನು ಹೊಲಿಗೆ ಯಂತ್ರದ ಪಕ್ಕದಲ್ಲೇ ಮಲಗಿಸಿ ಸಾಕಿದವರು. ಮಿಸ್ಸು ಎರಡು ಸಲ ಅವರ ಮನೆಗೆ ಹೋದರು. ಎರಡು ಸಲವೂ ಬಾಗಿಲ ಹಿಂದಿನಿಂದ ಯಂತ್ರದ ಸದ್ದು ಮಾತ್ರ ಜೋರಾಯಿತು. ಆಮೇಲೆ ಅಜ್ಜಿ ಶಾಲೆಗೆ ಹೇಳಿಕಳಿಸಿದರು: "ಆ ಮೇಷ್ಟ್ರಮ್ಮ ಅವತ್ತು ಮಾಡಿಸಿದ್ದನ್ನ ನನ್ನ ಕಣ್ಣೆದುರು ಇನ್ನೊಂದ್ಸಲ ಮಾಡಿಸ್ಲಿ. ಆಮೇಲೆ ಏನು ಬರೀಬೇಕೋ ಬರೆಸ್ತೀನಿ."

ಹೆಡ್‌ಮಿಸ್ ಕೈಚೆಲ್ಲಿದ್ದಾರೆ. "ನಿಮ್ಮ ಮೇಲೆ ನಂಗೇನೂ ಸಿಟ್ಟಿಲ್ಲ. ಆದ್ರೆ ದೂರು ಮೇಲಕ್ಕೆ ಹೋದ್ರೆ ಚಾರ್ಟೇ ಗತಿ. ಮುಂದಿನ ವರ್ಷದ ಮಾತು ಆಮೇಲಿಂದು."

ಮೊದಲ ಗಂಟೆ ಬಾರಿಸುತ್ತದೆ. ಅಜ್ಜಿ ಗೇಟಿನಲ್ಲಿ ಕಾಣಿಸಿಕೊಳ್ಳುತ್ತಾರೆ. ಕುತ್ತಿಗೆಯಲ್ಲಿ ಅಳತೆ ಟೇಪು ಹಾಗೇ ಇದೆ. ಒಂದು ಕೈಯಲ್ಲಿ ಮೊಮ್ಮಗಳು, ಇನ್ನೊಂದರಲ್ಲಿ ನಡುವೆ ತೂತಿರುವ ದಿಂಬು, ತಾವೇ ಹೊಲಿದದ್ದು. ಮೊಮ್ಮಗಳನ್ನು ಅದರ ಮೇಲೆ ಮೆಲ್ಲಗೆ ಕೂರಿಸಿ ಅಂಗಳಕ್ಕಿಳಿಯುತ್ತಾರೆ.

"ಇವಳ ಜಾಗ ಯಾವುದು?"

"ಅದು... ತಿಮಿಂಗಿಲ, ಅಮ್ಮಾ."

"ಸರಿ. ನಾನೇ ನಿಲ್ತೀನಿ."

ಹೆಡ್‌ಮಿಸ್ ಬೆಚ್ಚಿಬೀಳುತ್ತಾರೆ. "ಅಯ್ಯೋ, ಈ ವಯಸ್ಸಲ್ಲಿ ನೀವು ಬೇಡಮ್ಮ, ಬಿದ್ದುಗಿದ್ದೀರಿ!"

"ಮಗು ಬೀಳಬೋದು, ನಾನು ಬೀಳಬಾರ್ದಾ?"

ಅಜ್ಜಿ ತಿಮಿಂಗಿಲದ ವೃತ್ತದಲ್ಲಿ ನಿಂತು ಸೆರಗು ಸಿಕ್ಕಿಸಿಕೊಳ್ಳುತ್ತಾರೆ. ಮಿಸ್ಸು ಅವರ ಪಕ್ಕದಲ್ಲೇ, ಬೆನ್ನಿಗೆ ಮುಟ್ಟಿಯೂ ಮುಟ್ಟದಂತೆ ಕೈಯಿಟ್ಟುಕೊಂಡು ಸರಿಯುತ್ತಾರೆ. ಆಟದ ಮೇಷ್ಟ್ರು ಸೀಟಿ ಊದುತ್ತಾರೆ.

"ಅಜ್ಜೀ, ತಿರುಗಿ ನೋಡಿದ್ರೆ ಔಟು!" ದಿಂಬಿನ ಮೇಲಿಂದ ಮೊಮ್ಮಗಳು ಕೂಗುತ್ತಾಳೆ.

"ಗೊತ್ತು ಬಿಡೇ. ಮೀನು ಸಿಗುತ್ತೆ, ಅಷ್ಟೇ ತಾನೇ."

ಹತ್ತು ಹೆಜ್ಜೆಯಾಗಿರಬಹುದು, ಬೆನ್ನಿಗೆ ಏನೋ ಮೆತ್ತಗೆ ಗುದ್ದುತ್ತದೆ. ಅಜ್ಜಿ ಕಿಟಾರನೆ ಕಿರುಚಿ ತಿರುಗುತ್ತಾರೆ. ಗುಂಡು ಹುಡುಗನೊಬ್ಬ ಕನ್ನಡಕ ಸರಿಪಡಿಸಿಕೊಳ್ಳುತ್ತ ನಿಂತಿದ್ದಾನೆ.

"ಯಾರೋ ನೀನು? ಶಾರ್ಕಾ?"

"ಅಲ್ಲ ಅಜ್ಜಿ. ನೀರಾನೆ."

"ಕೆಸರಲ್ಲಿ ಹೊರಳುತ್ತಲ್ಲ, ಅದಾ? ಮೀನೆಲ್ಲಿ ಹಾಗಾದ್ರೆ?"

"ಮೀನು ತುಂಬಾ ಹಿಂದೆ ಅಜ್ಜಿ, ತೊಟ್ಟಿ ಹತ್ರ. ಅದಕ್ಕೆ ಮೊದಲು ಹಸು ಸಿಗುತ್ತೆ, ಬಾವಲಿ ಸಿಗುತ್ತೆ, ಮನುಷ್ಯನೂ ಸಿಗ್ತಾನೆ."

ಅಜ್ಜಿ ಮಿಸ್ಸಿನ ಮುಖ ನೋಡುತ್ತಾರೆ. ಇದು ಹುಡುಗಾಟವೋ ನಿಜವೋ ಎನ್ನುವ ನೋಟ. ಮಿಸ್ಸು ತಗ್ಗಿದ ದನಿಯಲ್ಲಿ ಹೇಳುತ್ತಾರೆ: "ತಿಮಿಂಗಿಲದ ಈಜುರೆಕ್ಕೆ ಒಳಗೆ ಬೆರಳಿನ ಮೂಳೆ ಇದೆ ಅಮ್ಮಾ. ಒಂದು ಕಾಲಕ್ಕೆ ನೆಲದ ಮೇಲೆ ನಡೀತಿದ್ದವು. ಮರಿ ಹಾಕುತ್ತೆ, ಮರಿಗೆ ಹಾಲು ಕೊಡುತ್ತೆ."

"ಸಮುದ್ರದಲ್ಲಾ? ಉಪ್ಪು ನೀರಲ್ಲಿ ಹಾಲೂಡಿಸುತ್ತಾ!"

ಅಜ್ಜಿ ಬಾಯಿ ಮುಚ್ಚುವುದನ್ನೇ ಮರೆಯುತ್ತಾರೆ. ನೀರಾನೆಯ ಕೈ ಅವರ ಕೈಗೆ ಯಾವಾಗ ಬಂತೋ, ಅವರಿಗೇ ತಿಳಿಯದು. ಹಿಂದಹಿಂದಕ್ಕೆ ಹೋದಂತೆ ಹಸು ಸೇರುತ್ತದೆ, ಬಾವಲಿ ಸೇರುತ್ತದೆ. ಚಿಂಪಾಂಜಿಯ ಕೈ ಹಿಡಿದ ಮನುಷ್ಯ ಅಳುಮುಖ ಮಾಡಿಕೊಂಡು ಬರುತ್ತಾನೆ. ಕಪ್ಪೆ, ಮೀನು, ನಕ್ಷತ್ರಮೀನು, ಬಸವನಹುಳು, ಜಿರಳೆ. ಕೊನೆಗೆ ನೀರಿನ ತೊಟ್ಟಿಯ ಬಳಿ ಇಡೀ ತರಗತಿ ಒಂದೇ ಗೆರೆಯ ಮೇಲೆ ಜಾಗ ಸಾಲದೆ ಒಬ್ಬರ ಕಾಲನ್ನೊಬ್ಬರು ತುಳಿಯುತ್ತ ಗಿಜಿಗುಡುತ್ತದೆ. ನಡುವೆ ಅಜ್ಜಿ.

ಅಲ್ಲಿಂದ ಅವರು ಅಂಗಳದ ಕಡೆ ನೋಡುತ್ತಾರೆ. ಹೊಲಿಯುವವರ ಕಣ್ಣು, ಗೆರೆ ಎಲ್ಲಿ ತುಂಡಾಗಿದೆ ಎಂಬುದು ಮೊದಲು ಕಾಣುತ್ತದೆ.

"ಆ ನಾಲ್ಕೈದು ಗೆರೆ ಯಾಕೆ ಅರ್ಧಕ್ಕೇ ನಿಂತಿವೆ? ಪುಡಿ ಮುಗೀತಾ?"

"ಇಲ್ಲಮ್ಮ. ಅವು ಅಳಿದುಹೋದ ಪ್ರಾಣಿಗಳು. ಅಲ್ಲಿಂದ ಮುಂದಕ್ಕೆ ಅವಕ್ಕೆ ಸಂತಾನ ಇಲ್ಲ."

"ಅಷ್ಟೇನಾ ಹೋಗಿರೋದು?"

ಮಿಸ್ಸು ತಡವರಿಸುತ್ತಾರೆ. "ಅಲ್ಲ. ಎಲ್ಲಾನೂ ಹಾಕೋಕೆ ಹೋದ್ರೆ ಅಂಗಳದಲ್ಲಿ ಮಣ್ಣೇ ಕಾಣಲ್ಲ. ಇದುವರೆಗೆ ಹುಟ್ಟಿದ ಜೀವಜಾತಿಗಳಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಹೋಗಿಬಿಟ್ಟಿವೆ."

ಅಜ್ಜಿ ತಮ್ಮ ಸುತ್ತ ಒತ್ತಿಕೊಂಡಿರುವ ಮಕ್ಕಳನ್ನು ನೋಡುತ್ತಾರೆ. ದಿಂಬಿನ ಮೇಲೆ ಒಂಟಿಯಾಗಿ ಕೂತ ಮೊಮ್ಮಗಳನ್ನು ನೋಡುತ್ತಾರೆ. ಕೇಳಿದ್ದು ಒಳಗೆ ಇಳಿಯುತ್ತಿರುವುದು ಅವರ ಮುಖದಲ್ಲಿ ಕಾಣುತ್ತದೆ. ಇದ್ದಕ್ಕಿದ್ದಂತೆ ಅವರ ದನಿ ಏರುತ್ತದೆ.

"ನೂರಕ್ಕೆ ಒಂದು ಉಳಿದು ಬಂದಿರೋವು ಇವು! ಇಂಥವನ್ನ ಹಿಂದೆ ಹಿಡಿಯೋಕೆ ಒಂದು ಕೈಯೂ ಇಲ್ದೆ ಹಿಂದಕ್ಕೆ ನಡೆಸ್ತೀರಲ್ಲ ಮೇಷ್ಟ್ರಮ್ಮ!"

ಕಪಾಳಕ್ಕೆ ಹೊಡೆದ ಹಾಗಾಯಿತು ಎನ್ನುತ್ತಾರೆ ಮಿಸ್ಸು. "ಅಷ್ಟು ವರ್ಷ ನಾನು ಗೆರೆ ನೋಡಿದ್ದೆ, ಮಕ್ಕಳ ಮುಖ ನೋಡಿದ್ದೆ. ಹಿಮ್ಮಡಿ ನೋಡಿರ್ಲಿಲ್ಲ." ಆ ಹೊತ್ತಿಗೆ ಅವರ ಬಾಯಿಂದ ಹೊರಟದ್ದು ಒಂದೇ ಮಾತು. "ತಪ್ಪಾಯ್ತಮ್ಮ."

ಹೆಡ್‌ಮಿಸ್ ಮುಂದೆ ಬಂದು, "ಇವತ್ತಿಗೇ ಈ ಪಾಠ ನಿಲ್ಲಿಸ್ತೀವಿ" ಎನ್ನುತ್ತಾರೆ.

"ನಿಲ್ಸಿ ಅಂದ್ನಾ ನಾನು?" ಅಜ್ಜಿ ಅವರ ಮೇಲೂ ಹರಿಹಾಯುತ್ತಾರೆ. "ನಿಲ್ಸಿಬಿಟ್ರೆ ಉಳಿದ ಮಕ್ಕಳಿಗೆ ತಿಮಿಂಗಿಲ ಮೀನಾಗೇ ಉಳೀಬೇಕಾ? ದೂರು ಕೊಡ್ತೀನಿ, ಕೊಟ್ಟೇ ಕೊಡ್ತೀನಿ. ಆ ಚರಂಡಿಗೆ ಮುಚ್ಚಳ ಹಾಕ್ಸಿಲ್ಲ ಅಂತ. ಅದು ಯಾರ ಕೆಲಸ, ಹೇಳಿ?"

ಈಗ ಹೆಡ್‌ಮಿಸ್ ಬಿಳಿಚಿಕೊಳ್ಳುವ ಸರದಿ.

ಚರಂಡಿಗೆ ಹಾಸುಗಲ್ಲು ಬಿದ್ದದ್ದು ಎರಡನೇ ವಿಭಾಗದ ಪಾಠಕ್ಕೆ ಮೊದಲೇ. ಆ ಬೆಳಗ್ಗೆ ಅಂಗಳಕ್ಕೆ ಬಂದ ಮಿಸ್ಸಿನ ಕೈಯಿಂದ ಡಬ್ಬವೇ ಜಾರಿತು. ಕಳೆದ ಬಾರಿ ಅರ್ಧಕ್ಕೆ ನಿಂತಿದ್ದ ಗೆರೆಯ ಜಾಗದಲ್ಲಿ, ಮಾಸಿದ ಸುಣ್ಣದ ಮೇಲೆ ಚಪ್ಪಲಿ ಬಲವಾಗಿ ಊರಿಕೊಂಡು ಅಜ್ಜಿ ಆಗಲೇ ನಿಂತಿದ್ದರು. ಇನ್ನೊಂದರ ಮೇಲೆ ಕ್ಯಾಂಟೀನಿನ ಅಕ್ಕ, ಒದ್ದೆ ಕೈ ಒರೆಸಿಕೊಳ್ಳುತ್ತ. ಅಜ್ಜಿಯೇ ಎಳೆದುತಂದಿದ್ದರಂತೆ.

"ಇದೇನಮ್ಮ ಇಲ್ಲಿ?"

"ನಾವು ಅಳಿದುಹೋದೋರು. ನಾವು ನಡೆಯೋ ಹಾಗಿಲ್ವಲ್ಲ, ನಿಂತಲ್ಲೇ ನಿಂತಿರ್ತೀವಿ. ಕವಲಿನ ಪಕ್ಕಾನೇ ಇದೆ ನಮ್ಮ ಜಾಗ. ಯಾವ ಮಗು ಎಡವಿದ್ರೂ ಕೈಗೆ ಸಿಗುತ್ತೆ. ನೀವು ಗೆರೆ ಎಳೀರಿ."

ಆ ದಿನ ಇಬ್ಬರು ಮಕ್ಕಳು ಎಡವಿದರು. ಇಬ್ಬರೂ ನೆಲ ಮುಟ್ಟಲಿಲ್ಲ.

ಮೊಮ್ಮಗಳು ಈಗ ದಿಂಬಿಲ್ಲದೆ ಕೂರುತ್ತಾಳೆ. ದೂರು ಮೇಲಕ್ಕೆ ಹೋಗಲಿಲ್ಲ. ಕೆಲಸ ಕಾಯಂ ಆಗುವ ಸುದ್ದಿಯೂ ಇಲ್ಲ. ಅದರ ಬಗ್ಗೆ ಕೇಳಿದರೆ ಮಿಸ್ಸು ಬಿರುಕು ಬಿಟ್ಟ ಬೆರಳುಗಳಿಗೆ ಎಣ್ಣೆ ಸವರಿಕೊಳ್ಳುತ್ತಾರೆ. ಬೇರೆ ಏನಾದರೂ ಆಸೆ ಇದೆಯೇ ಎಂದರೆ ಮಾತ್ರ ಮುಖ ಅರಳುತ್ತದೆ.

"ಮೂರನೇ ವಿಭಾಗದ ಪಾಠ ಬಾಕಿ ಇದೆ. ಖಾಲಿ ಕವಲುಗಳು ಇನ್ನೂ ಇವೆ. ಅಳಿದುಹೋದವರಾಗಿ ನಿಲ್ಲೋಕೆ ಇನ್ನೊಂದಿಬ್ರು ಸಿಕ್ಕಿದ್ರೆ ಸಾಕು. ಶನಿವಾರ ಮೊದಲ ಗಂಟೆ. ಚಪ್ಪಲಿ ಹಾಕ್ಕೊಂಡು ಬರ್ಲಿ, ಸುಣ್ಣ ಕಾಲು ಸುಡುತ್ತೆ."