ಇಳಿಯುವ ಶ್ರುತಿ

ನರಸಿಂಹರಾಜಪುರಕ್ಕೆ ಟ್ರಾಮ್ ರೈಲು ಬರುತ್ತಿದ್ದ ಕಾಲ. ಸ್ಟೇಷನ್ ಗುಮಾಸ್ತರ ಹೆಂಡತಿ ಮಂಗಳೂರಿನವರು. ಅವರು ತವರಿನಿಂದ ತಂದ ಗಿಟಾರನ್ನು ಊರವರು ವೀಣೆಯ ಮರಿ ಎಂದು ನಗುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು, ಏಕೆಂದರೆ ನಾನು ಅದನ್ನು ಅವರಲ್ಲಿ ಕಲಿಯುತ್ತಿದ್ದೆ.

ಮೂರು ಬೆರಳಲ್ಲಿ ತಂತಿಗಳನ್ನೊತ್ತಿ ಹಲವು ಸ್ವರ ಒಟ್ಟಿಗೆ ನುಡಿಸುವ ಮೈನರ್ ಕಾರ್ಡ್ ಬೇಗ ಬಂತು. ಸೋತದ್ದು ಅದರ ಮುಂದಿನದರಲ್ಲಿ. ಒತ್ತಿದ ಮೂರು ಬೆರಳು ಇದ್ದಲ್ಲೇ ಇರಬೇಕು. ಕಿರುಬೆರಳನ್ನು ಮಾತ್ರ ಚಾಚಿ ಎಲ್ಲಕ್ಕಿಂತ ದಪ್ಪ ತಂತಿಯನ್ನು ಒತ್ತಬೇಕು. ಆಗ ತಳದ ಸ್ವರವೊಂದೇ ಕೆಳಗಿಳಿಯುತ್ತದೆ. ಈಗಿನ ಮಕ್ಕಳು ಇದನ್ನು ಸ್ಲ್ಯಾಶ್ ಕಾರ್ಡ್ ಎನ್ನುತ್ತಾರೆ.

ಕಿರುಬೆರಳು ಮುಟ್ಟಿತು, ಕಿವಿ ಒಪ್ಪಲಿಲ್ಲ. ನಾನು ಅಮ್ಮನ ಶ್ರುತಿಪೆಟ್ಟಿಗೆಯ ಪಕ್ಕದಲ್ಲಿ ಬೆಳೆದವಳು. ಹಾಡು ಎಲ್ಲಿಗೆ ಬೇಕಾದರೂ ಹೋಗಲಿ, ಶ್ರುತಿ ಕದಲಬಾರದು. ನನ್ನ ಬಲಗೈ ಹೆಬ್ಬೆರಳು ತಾನಾಗಿಯೇ ಹಿಂದಿನ ಕಾರ್ಡಿನ ತಳದ ತಂತಿಯನ್ನೇ ಮೀಟುತ್ತಿತ್ತು.

“ಅದನ್ನು ಬಿಡು ಮಾರಾಯ್ತಿ, ಇಳಿಯಲಿ,” ಎಂದರು ಗುಮಾಸ್ತರ ಹೆಂಡತಿ.

“ಶ್ರುತಿನೇ ಇಳಿದ್ರೆ ಹಾಡು ಎಲ್ಲಿ ನಿಲ್ಲೋದು ಅಕ್ಕ?”

ಅವರು ನನ್ನ ಹೆಬ್ಬೆರಳನ್ನು ಹಿಡಿದು ದಪ್ಪ ತಂತಿಯ ಮೇಲಿಟ್ಟರು. ಮೀಟಿದೆ. ಮೇಲಿನ ಸ್ವರಗಳು ಹಾಗೇ ನಿಂತಿದ್ದವು, ಅವುಗಳ ಕೆಳಗೆ ನೆಲ ಮೆಲ್ಲನೆ ತಗ್ಗಿತು. ನನಗೆ ಅಳು ಬಂತು. ಏಕೆಂದು ಇವತ್ತಿಗೂ ಹೇಳಲಾರೆ.

ಸ್ವಲ್ಪ ದಿನದಲ್ಲೇ ಗುಮಾಸ್ತರಿಗೆ ವರ್ಗವಾಯಿತು. ಗಿಟಾರು ಹಾಸಿಗೆಯ ಸುರುಳಿಯೊಳಗೆ ಸೇರಿ ಅದೇ ಟ್ರಾಮಿನಲ್ಲಿ ಹೋಯಿತು. ಆಮೇಲೆ ಇನ್ನೊಂದು ಗಿಟಾರು ನನ್ನ ಕೈಗೆ ಬರಲಿಲ್ಲ.

ಈಗಲೂ ಯಾರಾದರೂ ಶ್ರುತಿ ಹಿಡಿದರೆ ಸಾಕು, ಸೆರಗಿನೊಳಗೆ ನನ್ನ ಕಿರುಬೆರಳು ಚಾಚಿಕೊಳ್ಳುತ್ತದೆ. ನೆಲ ಇನ್ನೊಮ್ಮೆ ತಗ್ಗೀತೆಂದು ಕಾಯುತ್ತೇನೆ. ತಗ್ಗುವುದಿಲ್ಲ.